ಖಾಲಿ ಕಟ್ಟಡದ ಲಿಫ್ಟಿನಲ್ಲಿ ಶಿವಕುಮಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಂಟಾಪ್ ಹಿಲ್‌ನ ಚಾಳಿನಿಂದ ನಡೆದೇ ಬಂದ ಶಿವಕುಮಾರಿ ಹಳೆಯ ಸರ್ಕಾರಿ ಕಟ್ಟಡದ ಲಿಫ್ಟಿನ ಜಾಲರಿ ಬಾಗಿಲು ಸರಿಸಿ, ಸ್ಟೂಲು ಒರೆಸಿ ಕೂರುತ್ತಾರೆ. ಮೇಲಿನ ಯಾವ ಮಹಡಿಯಲ್ಲೂ ಜನರಿಲ್ಲ. ಕುರ್ಚಿ, ಕಪಾಟುಗಳೂ ಹೋಗಿವೆ. ಸ್ವಲ್ಪ ಹೊತ್ತಿಗೆ ನಾಲ್ಕನೇ ಮಹಡಿಯಿಂದ ಬೆಲ್ ಆಗುತ್ತದೆ.

"ಅಕ್ಕ, ನಿಮ್ಮ ಪ್ಯಾಸೆಂಜರ್ ಬಂದ್ರು ಮಾರಾಯ್ರೆ," ಎಂದು ಗೇಟಿನ ವಾಚ್‌ಮನ್, ಕಾಪುವಿನ ಧರ್ಮಣ್ಣ ಚುಡಾಯಿಸುತ್ತಾರೆ. ತಾವು ಮಾತ್ರ ಒಂದು ದಿನವೂ ಮೇಲೆ ಹತ್ತಿದವರಲ್ಲ.

"ನೀ ಸುಮ್ನ ಚಾ ಕುಡಿ ತಮ್ಮಾ," ಎನ್ನುತ್ತ ಆಕೆ ಲಿಫ್ಟ್ ಏರಿಸುತ್ತಾರೆ.

ಕಲಬುರಗಿ ಕಡೆಯ ಶಿವಕುಮಾರಿಗೆ ಈ ನೌಕರಿ ಬಂದದ್ದು ಗಂಡ ದೇವಾನಂದರು ತೀರಿಕೊಂಡಾಗ, ಅನುಕಂಪದ ಆಧಾರದ ಮೇಲೆ. ಅವರೂ ಇದೇ ಲಿಫ್ಟ್ ನಡೆಸುತ್ತಿದ್ದರು. ಆಕೆಯ ನೇಮಕವಾಗಿ ತಿಂಗಳು ಕಳೆಯುವುದರೊಳಗೆ ಈ ಕಟ್ಟಡದಲ್ಲಿದ್ದ ಸರ್ಕಾರಿ ಮಂಡಳಿ ದೊಡ್ಡ ನಿಗಮವೊಂದರಲ್ಲಿ ವಿಲೀನವಾಯಿತು. ವಿಲೀನ ನಿರ್ಧಾರವಾದ ಮೇಲೆ ಮಂಡಳಿ ಕೊಟ್ಟ ನೌಕರಿಗೆ ತಾನು ಹೊಣೆಯಲ್ಲ ಎಂದಿತು ನಿಗಮ. ಶಿವಕುಮಾರಿ ಕೋರ್ಟಿಗೆ ಹೋದರು. ತೀರ್ಪು ಬರುವವರೆಗೆ ಆಕೆ ಇರುವ ಜಾಗದಲ್ಲೇ, ಇರುವ ಕೆಲಸದಲ್ಲೇ ಮುಂದುವರಿಯಲಿ ಎಂದಿತು ಕೋರ್ಟು. ನಿಗಮ ಅದನ್ನು ಅಕ್ಷರಶಃ ಪಾಲಿಸಿತು. ಉಳಿದವರನ್ನೆಲ್ಲ ಅಂಧೇರಿಯ ಹೊಸ ಆಫೀಸಿಗೆ ಸಾಗಿಸಿ, ಆಕೆಯನ್ನೂ ಲಿಫ್ಟನ್ನೂ ಇಲ್ಲೇ ಬಿಟ್ಟಿತು.

ಖಾಲಿ ಮಹಡಿಯಿಂದ ಬೆಲ್ ಆಗುವುದಕ್ಕೆ ತಂತಿಗೆ ತೇವ ಹಿಡಿದಿರುವುದೇ ಕಾರಣವೆಂದು ಎಲೆಕ್ಟ್ರಿಷಿಯನ್ ಬಂದು ಬದಲಿಸಿ ಹೋದ. ಬೆಲ್ ನಿಲ್ಲಲಿಲ್ಲ.

"ಬೆಲ್ ಆದ ಮ್ಯಾಗ ಹೋಗಲಿಲ್ಲಂದ್ರ ಕೆಲಸ ಬಿಟ್ಟಂಗ ಆಗಂಗಿಲ್ಲೇನ್ರಿ? ಅದೊಂದೇ ನೆವ ಹಿಡ್ಕೊಂಡು ತೆಗದು ಒಗೀತಾರ," ಎನ್ನುತ್ತಾರೆ ಶಿವಕುಮಾರಿ.

ಇಲ್ಲಿ ಕೆಲಸವೇ ಇಲ್ಲ, ಹಾಗಾಗಿ ಹುದ್ದೆಯೂ ಇಲ್ಲ ಎಂದು ಕೋರ್ಟಿಗೆ ತೋರಿಸಲು ಕಳೆದ ತಿಂಗಳು ನಿಗಮದ ವಕೀಲರು ಬಂದಿದ್ದರು. ಅವರು ಲಿಫ್ಟಿನೊಳಗೆ ಕಾಲಿಡುವಾಗಲೇ ಬೆಲ್ ಆಯಿತು. "ಮೇಲೆ ಯಾರಿದಾರೆ?" ಎಂದರು. "ಹೋಗಿ ನೋಡೂನು ಬರ್ರಿ," ಎಂದರು ಶಿವಕುಮಾರಿ.

ನಾಲ್ಕನೇ ಮಹಡಿಯಲ್ಲಿ ದೀಪವಿಲ್ಲ. ಜಾಲರಿ ಸರಿದಾಗ ತಣ್ಣನೆಯ ಗಾಳಿ ಮಾತ್ರ ಒಳಬಂತು. "ನೀಚೆ?" ಎಂದು ಶಿವಕುಮಾರಿ ಕತ್ತಲನ್ನು ಕೇಳಿದರು. ಕೆಳಗೆ ಬರುವವರಿದ್ದಾರೆಯೇ ಎಂದು ಕೇಳದೆ ಬಾಗಿಲು ಎಳೆಯಬಾರದೆಂಬುದು ದೇವಾನಂದರು ಕಲಿಸಿದ ರೂಢಿ. ಆಕೆ ತಿರುಗಿದಾಗ ವಕೀಲರು, ಯಾರಿಗೋ ಜಾಗ ಬಿಟ್ಟವರಂತೆ, ಮೂಲೆಗೆ ಸರಿದು ನಿಂತಿದ್ದರು. ನೆಲಮಹಡಿ ಬರುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಕೋರ್ಟಿಗೆ ಅವರು ಏನು ಹೇಳುತ್ತಾರೋ ಶಿವಕುಮಾರಿಗೆ ಗೊತ್ತಿಲ್ಲ. ತೀರ್ಪು ಹತ್ತಿರದಲ್ಲಿದೆ.

"ಅಂಧೇರಿಗೆ ಹಾಕಿದ್ರ ಖುಷಿಲೇ ಹೋಗ್ತೀನ್ರಿ. ಅಲ್ಲಿ ಲಿಫ್ಟಿಗೆ ಆಪರೇಟರೇ ಬ್ಯಾಡಂತ. ಕಸ ಹೊಡಿ ಅಂದ್ರೂ ಹೊಡೀತೀನಿ," ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ತೀರ್ಪು ಹ್ಯಾಂಗರ ಆಗ್ಲಿ, ಇಲ್ಲಿಂದ ಹೋಗೂ ದಿನ ಮ್ಯಾಲ ಹೋಗಿ ಒಂದ್ ಮಾತು ಹೇಳಿ ಬರ್ಲಾಕ ಬಿಡಬೇಕು. ಬೆಲ್ ಹೊಡ್ಯಾವ್ರು ಸುಮ್ನ ಕಾಯ್ಕೋತ ನಿಂದರಬಾರದಲ್ರಿ, ಪಾಪ."