ಬಾಗಿಲು ಮುಚ್ಚಿ ಪಾಠ ಹೇಳಿದವರು

ತಿಮ್ಮರಾಯಪ್ಪನವರ ಎಡಗೈ ತೋರುಬೆರಳನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಉಗುರಿನ ಪಕ್ಕದಿಂದ ಎರಡನೆಯ ಗೆಣ್ಣಿನವರೆಗೆ ಸಣ್ಣ ಸಣ್ಣ ಗೀರುಗಳು, ಒಂದರ ಮೇಲೊಂದು. ವರ್ಷಗಟ್ಟಲೆ ಬ್ಲೇಡು ತಾಗಿ ತಾಗಿ ಅಲ್ಲಿನ ಚರ್ಮ ಜಡ್ಡುಗಟ್ಟಿತ್ತು. ಗಿಡದ ಎಳೆಯ ಕಾಂಡವನ್ನು ಆ ಬೆರಳಿಗೂ ಹೆಬ್ಬೆರಳಿಗೂ ನಡುವೆ ಹಿಡಿದು ಬ್ಲೇಡನ್ನು ತಮ್ಮ ಕಡೆಗೆ ಎಳೆದರೆಂದರೆ, ಗಾಜಿನ ಬಟ್ಟಲಿನ ನೀರಿನಲ್ಲಿ ತೇಲುವ ಕಾಂಡದ ತೆಳು ಬಿಲ್ಲೆ ಕಣ್ಣಿಗೇ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದೊಂದು ಜೀವಕೋಶವನ್ನೂ ಎಣಿಸಬಹುದಾಗಿತ್ತು.

ಬಸವನಗುಡಿಯ ನಮ್ಮ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಲ್ಯಾಬಿನ ಅಟೆಂಡರು. ಕಾಗದದ ಮೇಲೆ ಅವರ ಕೆಲಸ ಗಾಜಿನ ಸಾಮಾನು ತೊಳೆಯುವುದು, ಮೇಜು ಒರೆಸುವುದು. ನಾನು ಅಲ್ಲಿ ಬಿ.ಎಸ್‌ಸಿ. ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಮೊದಲ ಪ್ರಾಯೋಗಿಕ ತರಗತಿಯಲ್ಲಿ ಅಧ್ಯಾಪಕರು ಬಂದು ಹಾಜರಿ ಕೂಗಿ, ಬೋರ್ಡಿನ ಮೇಲೆ ‘ಕುಂಬಳದ ಕಾಂಡ’ ಎಂದು ಬರೆದು ಕಾಫಿಗೆ ಹೊರಟುಹೋದರು. ತಿಮ್ಮರಾಯಪ್ಪ ಎದ್ದು ಬಾಗಿಲು ಮುಚ್ಚಿದರು. ಹೆಗಲ ಮೇಲಿನ ಒರೆಸುವ ಬಟ್ಟೆ ಹಾಗೇ ಇತ್ತು. ಮಾರುಕಟ್ಟೆಯ ತರಕಾರಿಯವರಿಂದ ಬೆಳಿಗ್ಗೆಯೇ ತಂದಿದ್ದ ಕುಂಬಳದ ಬಳ್ಳಿಯನ್ನು ತುಂಡು ಮಾಡಿ ನಮಗೆಲ್ಲ ಹಂಚಿ ಪಾಠ ಶುರು ಮಾಡಿದರು.

ಮೂರು ವರ್ಷ ನಡೆದದ್ದು ಹೀಗೆಯೇ. ಸೈದ್ಧಾಂತಿಕ ಪಾಠ ಅಧ್ಯಾಪಕರದು, ಕೈಯ ಪಾಠವೆಲ್ಲ ತಿಮ್ಮರಾಯಪ್ಪನವರದು. ಕಾರಿಡಾರಿನಲ್ಲಿ ಪ್ರಿನ್ಸಿಪಾಲರ ಬೂಟಿನ ಸದ್ದು ಕೇಳಿದರೆ ಸಾಕು, ಮಾತು ಅರ್ಧಕ್ಕೆ ನಿಲ್ಲಿಸಿ ಹೆಗಲ ಬಟ್ಟೆ ಎಳೆದುಕೊಂಡು ಮೇಜು ಒರೆಸತೊಡಗುತ್ತಿದ್ದರು. ನಾವೂ ಏನೂ ತಿಳಿಯದವರ ಹಾಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಿದ್ದೆವು. ಸದ್ದು ದೂರವಾದ ಮೇಲೆ ನಿಲ್ಲಿಸಿದ ಪದದಿಂದಲೇ ಮತ್ತೆ ಶುರು. ನಮಗೆ ಅದೊಂದು ಆಟವಾಗಿತ್ತು. ಅವರಿಗೆ ಏನಾಗಿತ್ತೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಮೊದಮೊದಲು ಬ್ಲೇಡನ್ನು ಒತ್ತಿ ಕತ್ತರಿಸುತ್ತಿದ್ದೆ. ಬಿಲ್ಲೆಗಳು ಸೌತೆಕಾಯಿ ಹೋಳಿನಷ್ಟು ದಪ್ಪ. ಅವರು ಬೈಯಲಿಲ್ಲ. ಪಕ್ಕದಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದರು. “ಎಳೀಬೇಕಮ್ಮ, ಒತ್ತಬಾರ್ದು. ಬ್ಲೇಡಿಗೇನೂ ಅವಸರ ಇಲ್ಲ, ಅವಸರ ಎಲ್ಲ ನಿಂದೇ.” ಒಂದು ವರ್ಷದ ಮೇಲೆ ನಾನು ಕತ್ತರಿಸಿದ ಬಿಲ್ಲೆಯನ್ನು ಬ್ರಷ್ಷಿನ ತುದಿಯಲ್ಲೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, “ಕೈ ಒಳ್ಳೇದಿದೆ” ಎಂದರು. ಆಮೇಲೆ ಬಂದ ರ‍್ಯಾಂಕು, ಪದಕ ಯಾವುದೂ ನನ್ನನ್ನು ಅಷ್ಟು ಹಿಗ್ಗಿಸಲಿಲ್ಲ.

ಎಂ.ಎಸ್‌ಸಿ. ಮುಗಿಸಿ ಅದೇ ಕಾಲೇಜಿಗೆ ಅಧ್ಯಾಪಕಿಯಾಗಿ ಬಂದೆ. ಮೊದಲ ದಿನವೇ ಅವರು ನನ್ನನ್ನು “ಬನ್ನಿ ಮೇಡಂ” ಎಂದರು. ಹಾಗನ್ನಬೇಡಿ ಎಂದು ಒಂದು ಸಲ ಹೇಳಿದೆ, ಎರಡನೆಯ ಸಲ ಹೇಳಲಿಲ್ಲ. ಲ್ಯಾಬಿನಲ್ಲಿ ಒಂದು ರಿಜಿಸ್ಟರು ಇತ್ತು: ಯಾವ ದಿನ ಯಾವ ಪ್ರಯೋಗ, ನಡೆಸಿದವರು ಯಾರು ಎಂದು. ಆ ಕೊನೆಯ ಕಾಲಮ್ಮಿಗೆ ಅಧ್ಯಾಪಕರು ವಾರಕ್ಕೊಮ್ಮೆ ಒಟ್ಟಿಗೆ ಸಹಿ ಹಾಕುವುದು ವಿಭಾಗದ ಪದ್ಧತಿ. ಸ್ಟಾಫ್ ರೂಮಿಗೆ ಅದನ್ನು ತಂದು, ಪುಟ ತೆರೆದು, ಪೆನ್ನು ಕೊಟ್ಟು ನಿಲ್ಲುತ್ತಿದ್ದವರು ತಿಮ್ಮರಾಯಪ್ಪನವರೇ. ನಾನೂ ಸಹಿ ಹಾಕಿದೆ. ಕಾಫಿ ಕುಡಿಯುವುದನ್ನೂ ಕಲಿತೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅವರು ಒಂದು ದಪ್ಪ ಹಾಳೆಯನ್ನು ನನ್ನ ಮುಂದಿಟ್ಟರು. ಒಣಗಿಸಿದ ಗಿಡಗಳನ್ನು ಅಂಟಿಸುವಂಥ ಹಾಳೆ. ಅದರ ಮೇಲೆ ಗಿಡದ ಬದಲು ತಮ್ಮ ಎರಡು ಅಂಕಪಟ್ಟಿಗಳನ್ನು ನಾಲ್ಕು ಮೂಲೆಗೂ ಕಾಗದದ ಪಟ್ಟಿ ಹಚ್ಚಿ ಕೂರಿಸಿದ್ದರು. ಬಿ.ಎಸ್‌ಸಿ. ಮೊದಲ ವರ್ಷ, ಎರಡನೆಯ ವರ್ಷ, ಎರಡರಲ್ಲೂ ತೇರ್ಗಡೆ. ಸಸ್ಯಶಾಸ್ತ್ರದ ಅಂಕ ನನ್ನ ಅಂಕಗಳಿಗಿಂತ ಹೆಚ್ಚಿತ್ತು. ಎರಡನೆಯ ವರ್ಷ ಮುಗಿಯುತ್ತಿದ್ದಂತೆ ಅಪ್ಪ ತೀರಿಕೊಂಡರಂತೆ, ಮನೆಗೆ ಇವರೇ ಹಿರಿಯ ಮಗ. ಚಾಮರಾಜಪೇಟೆಯ ತಮ್ಮ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಅವರು. ಓದು ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರಿದ್ದರು. ಇಷ್ಟನ್ನೂ ನಾನು ತಿಳಿದದ್ದು ಅವರ ಪರಿಚಯವಾಗಿ ಹತ್ತು ವರ್ಷದ ಮೇಲೆ.

ವಿಶ್ವವಿದ್ಯಾಲಯದವರು ಹಳೆಯ ಓದನ್ನು ಲೆಕ್ಕಕ್ಕೆ ಹಿಡಿದು, ಹೊರಗಿನ ಅಭ್ಯರ್ಥಿಗಳಿಗೆ ಕೊನೆಯ ವರ್ಷದ ಪರೀಕ್ಷೆ ಕಟ್ಟಲು ಅವಕಾಶ ಕೊಡುತ್ತಿದ್ದರು. ತಿಮ್ಮರಾಯಪ್ಪ ಅರ್ಜಿ ಹಾಕಿ ಎಂಟು ತಿಂಗಳು ಓಡಾಡಿ ಆ ಎರಡು ವರ್ಷಗಳನ್ನು ಒಪ್ಪಿಸಿಬಿಟ್ಟಿದ್ದರು. ಉಳಿದದ್ದು ಪ್ರಾಯೋಗಿಕ ತರಗತಿಗಳ ಹಾಜರಿ. ಅದರಿಂದ ವಿನಾಯಿತಿ ಬೇಕಿದ್ದರೆ ಲ್ಯಾಬಿನಲ್ಲಿ ಪಾಠ ಹೇಳಿದ ಅನುಭವವಿದೆಯೆಂದು ವಿಭಾಗ ಬರೆದುಕೊಡಬೇಕಾಗಿತ್ತು. ಲ್ಯಾಬಿನಲ್ಲಿ ಪ್ರಯೋಗ ಕಲಿಸಬೇಕಾಗಿದ್ದ, ಆದರೆ ಹೆಸರಿಗಷ್ಟೇ ಇದ್ದ ನಮ್ಮ ಡೆಮಾನ್‌ಸ್ಟ್ರೇಟರು ಮರುವರ್ಷ ನಿವೃತ್ತರಾಗುವವರಿದ್ದರು. ಡಿಗ್ರಿಯಿದ್ದರೆ ಆ ಜಾಗ ತಿಮ್ಮರಾಯಪ್ಪನವರಿಗೆ ಕೊಡಲು ಆಡಳಿತ ಮಂಡಳಿಯ ತಕರಾರಿರಲಿಲ್ಲ. ಆದರೆ ವಯಸ್ಸಿನ ಮಿತಿಯಿತ್ತು, ಇವರಿಗೆ ಅದೊಂದೇ ವರ್ಷ ಬಾಕಿ.

ಅವರು ಜಾಗದ ಮಾತನ್ನೇ ಎತ್ತಲಿಲ್ಲ. “ಒಂದೇ ಒಂದ್ ವರ್ಷನಾದ್ರೂ ಬಾಗ್ಲು ತೆಗ್ದಿಟ್ಕೊಂಡು ಪಾಠ ಹೇಳ್ಬೇಕು ಮೇಡಂ” ಎಂದರು. ಪತ್ರವನ್ನು ನಾನೇ ಬರೆಯಬೇಕೆಂದು ಅವರ ಆಸೆ. ತಮ್ಮ ಕೈಯ ಕೆಲಸ ಬಲ್ಲವಳು ನಾನು ಎಂಬ ಕಾರಣಕ್ಕೆ.

ನಾನು ಒಪ್ಪಿದೆ. ಅದೇ ಸಂಜೆ ವಿಷಯ ತಿಳಿದು ವಿಭಾಗದ ಮುಖ್ಯಸ್ಥರು ಕರೆಸಿದರು. ಅವರೇನೂ ಕೂಗಾಡಲಿಲ್ಲ. ರಿಜಿಸ್ಟರುಗಳನ್ನು ಮೇಜಿನ ಮೇಲೆ ಪೇರಿಸಿಟ್ಟುಕೊಂಡು ಕೂತಿದ್ದರು. ಪಾಠ ಹೇಳಿದ್ದು ತಿಮ್ಮರಾಯಪ್ಪ ಎಂದಾದರೆ ಈ ಸಹಿಗಳೆಲ್ಲ ಏನು ಎಂದು ವಿಶ್ವವಿದ್ಯಾಲಯ ಕೇಳುವುದಿಲ್ಲವೇ? ಕಾಲೇಜಿನ ಮಾನ್ಯತೆಯ ಗತಿಯೇನು? ಆಮೇಲೆ ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದರು. “ಇದು ನಿಮ್ದೇ ಸಹಿ ಅಲ್ವೇನಮ್ಮ? ನೀವಿನ್ನೂ ಕನ್‌ಫರ್ಮ್ ಆಗಿಲ್ಲ. ಯೋಚ್ನೆ ಮಾಡಿ ಬರೀರಿ.”

ಯೋಚನೆ ಮಾಡಿದೆ. ಎರಡು ದಿನ ಮಾಡಿದೆ. ಕೊನೆಗೆ ಬರೆದದ್ದು ಇಷ್ಟು: ‘ಶ್ರೀಯುತರು ಪ್ರಯೋಗಗಳಿಗೆ ಅಗತ್ಯವಾದ ಸಾಮಗ್ರಿಗಳನ್ನು ಒದಗಿಸುವಲ್ಲಿ ಅಧ್ಯಾಪಕರೊಂದಿಗೆ ಸಹಕರಿಸಿದ್ದಾರೆ.’ ಒಂದಕ್ಷರವೂ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಗೆಟ್ಟ ಸಮಾಧಾನ ಅದು. ಲಕೋಟೆಗೆ ಗೋಂದು ಹಚ್ಚಿದೆ. ಕಾಲೇಜಿನ ಟಪ್ಪಾಲು ಒಯ್ಯುವುದು ಅಟೆಂಡರುಗಳ ಕೆಲಸವಾದ್ದರಿಂದ ತಿಮ್ಮರಾಯಪ್ಪನವರೇ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಮಾರುಕಟ್ಟೆಯ ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿದು ಹೋಗಿ ಕೊಟ್ಟುಬಂದರು. ಹೋಗುವಾಗ ನನಗೆ ಕೈಮುಗಿದರು.

ತಿಂಗಳ ಮೇಲೆ ಉತ್ತರ ಬಂತು. ವಿಭಾಗದ ಪತ್ರದಲ್ಲಿದ್ದ ನನ್ನ ವಾಕ್ಯವನ್ನು ಹಾಗೆಯೇ ಎತ್ತಿ ಬರೆದು, ಅರ್ಜಿದಾರರ ಅನುಭವ ಬೋಧನೆಯ ಸ್ವರೂಪದ್ದಲ್ಲವಾದ್ದರಿಂದ ವಿನಾಯಿತಿ ಸಾಧ್ಯವಿಲ್ಲ ಎಂದಿದ್ದರು. ತಿಮ್ಮರಾಯಪ್ಪ ಅದನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಅವರು ಕಾಗದದಲ್ಲಿದ್ದ ಕೆಲಸವನ್ನಷ್ಟೇ ಮಾಡಿದರು. ಗಾಜು ತೊಳೆದರು, ಮೇಜು ಒರೆಸಿದರು. ವಿದ್ಯಾರ್ಥಿಗಳು ಏನಾದರೂ ಕೇಳಿದರೆ ಮೇಡಂ ಬರುತ್ತಾರೆ ಎನ್ನುತ್ತಿದ್ದರು. ಮೇಡಂ ಹೋದಳು. ಅಷ್ಟು ವರ್ಷ ಸಹಿ ಮಾತ್ರ ಹಾಕಿದ ಕೈಗೆ ಬ್ಲೇಡು ಒಗ್ಗಲಿಲ್ಲ, ನನ್ನ ಬಿಲ್ಲೆಗಳು ಮತ್ತೆ ದಪ್ಪವಾಗಿದ್ದವು. ಆ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಮೂರು ಕಾಂಡ ಹಾಳು ಮಾಡಿ ಬೆರಳು ಕೊಯ್ದುಕೊಂಡು ಅಳತೊಡಗಿದಳು. ನನಗೆ ತಡೆಯಲಾಗಲಿಲ್ಲ. ಸಿಂಕಿನ ಹತ್ತಿರವಿದ್ದ ತಿಮ್ಮರಾಯಪ್ಪನವರ ಬಳಿ ಹೋಗಿ, ಆ ಮಗುವಿಗೆ ಬ್ಲೇಡು ಹಿಡಿಯುವುದನ್ನಾದರೂ ತೋರಿಸಿ ಎಂದು ಮೆಲ್ಲಗೆ ಬೇಡಿಕೊಂಡೆ. ಅವರು ಒರೆಸುತ್ತಿದ್ದ ಬೀಕರಿನಿಂದ ಕಣ್ಣೆತ್ತಲಿಲ್ಲ.

“ನಂಗದೆಲ್ಲ ಬರಲ್ಲ ಮೇಡಂ. ನೀವೇ ಬರ್ಕೊಟ್ಟಿದೀರಲ್ಲ.”

ಆಮೇಲೆ ಐದು ವರ್ಷ ನಾವು ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಅವರು ಒಂದು ದಿನವೂ ನನಗೆ ಮರ್ಯಾದೆ ತಪ್ಪಿ ಮಾತಾಡಲಿಲ್ಲ. ಸರ್ವಿಸು ಇನ್ನೂ ಇರುವಾಗಲೇ, ಕಾಮಾಲೆ ಬಂದು ಹದಿನೈದೇ ದಿನದಲ್ಲಿ ತೀರಿಕೊಂಡರು.

ಅವರ ಮಗಳು ಸುಗುಣ ಕಾಲೇಜಿಗೆ ಬಂದದ್ದು ಒಂದು ತಿಂಗಳ ಮೇಲೆ. ತಂದೆಯ ಬದಲು ಕೆಲಸ ಕೇಳಿ ಅರ್ಜಿ ಹಾಕಿದ್ದಳು, ಜೊತೆಗೆ ತಂದೆ ಮಾಡುತ್ತಿದ್ದ ಕೆಲಸದ ಬಗ್ಗೆ ವಿಭಾಗದ ಪತ್ರ ಬೇಕಿತ್ತು. ಆ ಹೊತ್ತಿಗೆ ಹಳೆಯ ಮುಖ್ಯಸ್ಥರು ನಿವೃತ್ತರಾಗಿ ಅವರ ಕುರ್ಚಿಯಲ್ಲಿ ನಾನೇ ಇದ್ದೆ. ಯಾರನ್ನೂ ಕೇಳಬೇಕಾಗಿರಲಿಲ್ಲ. ಇವರು ವರ್ಷಗಟ್ಟಲೆ ಪ್ರಾಯೋಗಿಕ ತರಗತಿಗಳಲ್ಲಿ ಪಾಠ ಹೇಳಿದರು, ಆ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬಳು ಎಂದು ಒಂದೇ ಉಸಿರಿಗೆ ಬರೆದು ಸಹಿ ಹಾಕಿ ಆಫೀಸಿಗೆ ಕಳಿಸಿದೆ.

ಅರ್ಧ ಗಂಟೆಯಲ್ಲಿ ಆಫೀಸಿನ ಸೂಪರಿಂಟೆಂಡೆಂಟು ಅದನ್ನು ಹಿಡಿದು ವಾಪಸು ಬಂದರು. ಜೊತೆಗೆ ತಿಮ್ಮರಾಯಪ್ಪನವರ ಫೈಲು. ಅದರಲ್ಲಿ ನನ್ನ ಹಳೆಯ ಪತ್ರದ ನಕಲಿತ್ತು. “ಇದೂ ನೀವೇ ಬರ್ದಿರೋದು, ಅದೂ ನೀವೇ ಬರ್ದಿರೋದು. ಎರಡಕ್ಕೂ ತಾಳೆ ಆಗಲ್ಲ ಮೇಡಂ. ಹಿಂಗೇ ಕಳಿಸಿದ್ರೆ ಆ ಹುಡ್ಗಿ ಅರ್ಜಿ ವಾಪಸ್ ಬರತ್ತೆ.”

ಸುಗುಣ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಕೆಲಸ ಬೇಕಿತ್ತು. ನಾನು ಹೊಸ ಹಾಳೆ ತೆಗೆದುಕೊಂಡು ಆ ಹಳೆಯ ವಾಕ್ಯವನ್ನೇ ನೋಡಿಕೊಂಡು ಮತ್ತೆ ಬರೆದೆ, ‘ಸಹಕರಿಸಿದ್ದಾರೆ’ ಎಂಬಲ್ಲಿಯವರೆಗೂ.

ಅವಳು ಪತ್ರವನ್ನು ಓದಿ ಜೋಪಾನವಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಹೊರಟವಳು ತಿರುಗಿ, “ಅಪ್ಪ ನಿಮ್ ವಿಷ್ಯ ಹೇಳ್ತಿದ್ರು ಮೇಡಂ” ಎಂದಳು. “ಅವ್ರ ಕೈಯಲ್ಲಿ ಕಲ್ತೋರಲ್ಲೆಲ್ಲ ನಿಮ್ ಕೈನೇ ಒಳ್ಳೇದಂತೆ.”