ಪುಷ್ಪಾಳ ಹಿತ್ತಿಲ ರಾಸ್ಪ್‌ಬೆರಿ

ಗೋಪಾಳ ಬಡಾವಣೆಯ ಮನೆಯ ಹಿತ್ತಿಲಲ್ಲಿ ಪುಷ್ಪಾ ರಾಸ್ಪ್‌ಬೆರಿ ಬೆಳೆಸಿದ್ದಳು. ಭದ್ರಾವತಿಯಲ್ಲಿರುವ ತಮ್ಮ ಶಿವರಾಜ್ ತನ್ನ ಅಂಗಳದಿಂದ ಬೇರುಸಹಿತ ಕಿತ್ತು ತಂದುಕೊಟ್ಟ ಗಿಡ. "ಒಂದ್ಸಲ ಹಣ್ಣು ಬಿಟ್ಟ ಕಡ್ಡಿ ಮತ್ತೆ ಬಿಡಲ್ಲ ಅಕ್ಕ. ಬುಡಕ್ಕೇ ಕತ್ತರಿಸ್ಬಿಡು," ಎಂದು ಹೇಳಿಯೇ ಹೋಗಿದ್ದ. ಕತ್ತರಿಸಲು ಪುಷ್ಪಾಳಿಗೆ ಮನಸ್ಸು ಬರಲಿಲ್ಲ. ಒಣಗಿದ ಕಡ್ಡಿಯ ಮೇಲೆ ಹೊಸ ಕಡ್ಡಿ ಬಾಗಿ, ಕಾಂಪೌಂಡಿನ ಮೂಲೆಯಲ್ಲಿ ಮುಳ್ಳುಪೊದೆಯೇ ಆಯಿತು. ತೇವ ಆರದಿರಲೆಂದು ಬುಡಕ್ಕೆ ತರಗೆಲೆ ಬೇರೆ ರಾಶಿ ಹಾಕಿದ್ದಳು.

ಪಕ್ಕದ ಮನೆಯ ಸುವರ್ಣಮ್ಮ ಬ್ಲೌಸ್ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದಲೇ ಮಗಳು ಗಗನಾಳನ್ನು ಕಾಲೇಜಿಗೆ ಕಳಿಸುತ್ತಿದ್ದಳು. ಹಣ್ಣಿನ ಕಾಲದಲ್ಲಿ ಗೆಳತಿಯರಿಬ್ಬರೂ ಬೆಳಿಗ್ಗೆ ಒಟ್ಟಿಗೆ ಕೊಯ್ಯುತ್ತಿದ್ದರು. ಚೆನ್ನಾಗಿ ಕಳಿತದ್ದನ್ನು ಎಳೆಯಬೇಕಿಲ್ಲ. ಮುಟ್ಟಿದರೆ ಸಾಕು, ಪುಟ್ಟ ಟೋಪಿಯ ಹಾಗೆ ಕೈಗೆ ಬರುತ್ತದೆ.

ಕಳೆದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಪುಷ್ಪಾ ಪೊದೆಯೊಳಗೆ ಬಗ್ಗಿ ನೋಡಿ, "ಇಲ್ನೋಡು ಮಾರಾಯ್ತಿ, ಕೆಳಗಡೆ ಎಷ್ಟು ಹಣ್ಣಾಗಿದಾವೆ! ನಿನ್ನ ಕೈ ಸಣ್ಣದು, ಹಾಕು," ಎಂದಳು.

ಸುವರ್ಣಮ್ಮ ಹಾಕಿದಳು. "ಅಯ್ಯೋ, ಮುಳ್ಳು!" ಎಂದು ಕೈ ಎಳೆದುಕೊಂಡಳು. ತೋರುಬೆರಳಿನಲ್ಲಿ ಎರಡು ಚುಕ್ಕೆ ರಕ್ತ. ತರಗೆಲೆಯೊಳಗಿಂದ ಕುಕ್ಕರ್ ಹಬೆ ಬಿಟ್ಟಂತೆ ಬುಸುಗುಟ್ಟುವ ಸದ್ದು ಕೇಳಿದಾಗಲೇ ಇಬ್ಬರಿಗೂ ತಿಳಿದದ್ದು: ಮುಳ್ಳಲ್ಲ, ಕೊಳಕುಮಂಡಲ ಹಾವು.

ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೈ ಮೊಣಕೈವರೆಗೂ ಬಾತಿತ್ತು. ಜೀವ ಉಳಿಯಿತು. ಆದರೆ ಬೆರಳುಗಳು ಕಪ್ಪಾಗಿ ಕೊಳೆತವು. ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಡಾಕ್ಟರು ತೆಗೆಯಲೇಬೇಕಾಯಿತು.

ಪುಷ್ಪಾ ಪೊದೆಯನ್ನೆಲ್ಲ ಕತ್ತಿಯಿಂದ ಕಡಿದು ಸುಟ್ಟಳು. ಕಾಯಿಗಳು ಇನ್ನೂ ಇದ್ದವು. ಆಮೇಲೆ ಗಂಜಿ ಮಾಡಿಕೊಂಡು ಸುವರ್ಣಮ್ಮನ ಮನೆಗೆ ಹೋದಳು. ಸುವರ್ಣಮ್ಮ ಗೋಡೆಯ ಕಡೆ ನೋಡುತ್ತಲೇ ಹೇಳಿದಳು: "ಹಾವು ಇರೋದು ನಿಂಗೂ ಗೊತ್ತಿರ್ಲಿಲ್ಲ. ಆದ್ರೆ ನೀನು 'ಹಾಕು' ಅಂದಿದ್ದು ಕಿವೀಲೇ ಇದೆ ಪುಷ್ಪಾ. ನೀನು ಬರ್ಬೇಡ."

ಪುಷ್ಪಾ ಮತ್ತೆ ಆ ಹೊಸಿಲು ತುಳಿಯಲಿಲ್ಲ. ಗಗನಾ ಕಾಲೇಜು ಬಿಟ್ಟು ಮಷೀನಿಗೆ ಕೂತಳು. ಕತ್ತರಿಸುವುದು, ಹೊಲಿಯುವುದು ಹೇಗೋ ಕಲಿತಳು. ಹುಕ್ ಹಾಕಲು ಹೊತ್ತು ಸಾಲುತ್ತಿರಲಿಲ್ಲ. ಪುಷ್ಪಾ ಕಾಂಪೌಂಡಿನಾಚೆಯಿಂದಲೇ ಕೈ ಚಾಚಿ, "ನಂಗೆ ಕೊಡೇ, ಅಮ್ಮಂಗೆ ಹೇಳ್ಬೇಡ," ಎಂದಳು.

ಅಂದಿನಿಂದ ಬ್ಲೌಸುಗಳು ಗೋಡೆ ದಾಟಿ ಬರುತ್ತವೆ, ಹೋಗುತ್ತವೆ. ಸುವರ್ಣಮ್ಮನಿಗೆ ಪುಷ್ಪಾಳ ಕೈಗೆಲಸದ ಗುರುತು ಸಿಗದೆ ಇರುತ್ತದೆಯೇ? ಮೊನ್ನೆ ಗಗನಾ ಒಂದು ಬ್ಲೌಸನ್ನು ವಾಪಸ್ಸು ತಂದಳು. "ಆಂಟಿ, ಹುಕ್ಕು ಸೊಟ್ಟ ಇದಾವಂತೆ. ಬಿಚ್ಚಿ ಮತ್ತೆ ಹಾಕ್ಬೇಕಂತೆ, ಅಮ್ಮ ಹೇಳಿದ್ಲು."

ಬೇರೇನಾದರೂ ಹೇಳಿದಳೇ ಎಂದು ಪುಷ್ಪಾ ಕೇಳಿದಳು. ಗಗನಾ ಇಲ್ಲವೆಂದು ತಲೆಯಾಡಿಸಿದಳು. ಪುಷ್ಪಾ ಜಗಲಿಯ ಬೆಳಕಿಗೆ ಕೂತು ದಾರ ಬಿಚ್ಚತೊಡಗಿದಳು.