ನಾಲ್ಕನೇ ಬಾಗಿಲಿನ ಕಂದಾಯ

ಮೊನ್ನೆ ಪುರಸಭೆಗೆ ಹೋಗಿ ಮನೆ, ಅಂಗಡಿ ಎರಡರ ಕಂದಾಯ ಕಟ್ಟಿ ಬಂದೆ. ರಸೀದಿಯನ್ನು ಜೇಬಿಗೆ ಹಾಕುವ ಮೊದಲು ಬೆರಳಿಟ್ಟು ಓದಿದೆ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಓದುವುದು ನಿಧಾನ. ಆಸ್ತಿ ತೆರಿಗೆ, ಆರೋಗ್ಯ ಕರ, ಗ್ರಂಥಾಲಯ ಕರ... ಅದರ ಕೆಳಗೆ ಭಿಕ್ಷುಕರ ಕರ. ಬೆರಳು ಅಲ್ಲೇ ನಿಂತಿತು. ಉಗುರಿನ ಸಂದಿಯ ಗ್ರೀಸು ಆ ಸಾಲಿನ ಮೇಲೆ ಕಪ್ಪಗೆ ಅಂಟಿತು.

ಪ್ರತಿ ವರ್ಷ ಈ ಸಾಲು ನೋಡಿದಾಗ ಸೋಮವಾರದ ತಾತ ನೆನಪಾಗುತ್ತಾನೆ.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ನನ್ನದು ಪಂಚರ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅಪ್ಪ ಮೊದಲೇ ಇರಲಿಲ್ಲ, ಅವ್ವ ಮತ್ತು ನಾನು ಇಬ್ಬರೇ. ತಾತ ಹರವೆ ಹತ್ತಿರದ ಒಂದು ಹಳ್ಳಿಯವನು. ನೀಲಗಾರ. ಗುರುವಿನ ಹೆಸರಲ್ಲಿ ದೀಕ್ಷೆ ತೆಗೆದುಕೊಂಡು, ತಂಬೂರಿ ಹಿಡಿದು, ಜೋಳಿಗೆ ಹಾಕಿಕೊಂಡು ಮನೆ ಮುಂದೆ ಬಂದು ನಿಲ್ಲುವ ಪದ್ಧತಿ ಅವರದು. ಬೇರೆ ನೀಲಗಾರರು ಹಾಡುತ್ತಾರೆ. ತಾತ ಹಾಡುತ್ತಿರಲಿಲ್ಲ. ಸೋಮವಾರಕ್ಕೆ ಐದು ಬಾಗಿಲು, ಒಂದೊಂದು ಬಾಗಿಲಿಂದ ಒಂದು ಹಿಡಿ ರಾಗಿ, ಐದು ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಇದು ಎಲ್ಲರಿಗೂ ಇರುವ ಕಟ್ಟಳೆಯಲ್ಲ, ತಾತ ತಾನೇ ಹೊತ್ತುಕೊಂಡ ಹರಕೆ. ಬಾಗಿಲಲ್ಲಿ ನಿಂತು ತಂತಿಯನ್ನು ಮೂರು ಸಲ ಮೀಟುತ್ತಿದ್ದ, ಅಷ್ಟೇ. ಕೊಟ್ಟರೆ ಜೋಳಿಗೆ ಒಡ್ಡುತ್ತಿದ್ದ. ಕೊಡುವವರೆಗೆ ನಿಂತಿರುತ್ತಿದ್ದ.

ನಮ್ಮದು ನಾಲ್ಕನೇ ಬಾಗಿಲು. ಐದನೆಯದು ರಸ್ತೆಯ ಆಚೆ ಬಳೆ ಅಂಗಡಿ ಅಮ್ಮನ ಮನೆ. ಅಲ್ಲಿ ಮುಗಿಸಿ ವಾಪಸ್ ಬಂದು, ನನ್ನ ಅಂಗಡಿಯ ಮುಂದೆ ಹಳೇ ಟೈರಿನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದ. ಆಗ ನೋಡಬೇಕಿತ್ತು, ಬೆಳಗಿನಿಂದ ಕಟ್ಟಿಟ್ಟ ಮಾತೆಲ್ಲ ಒಂದೇ ಸಲ ಹೊರಗೆ ಬರುತ್ತಿತ್ತು.

"ಏನ್ ತಾತ, ಇವತ್ತು ಭಿಕ್ಷ ಚೆನ್ನಾಗಾಯ್ತಾ?" ಅಂತ ಒಂದು ಸಲ ಕೇಳಿದ್ದಕ್ಕೆ ಕಣ್ಣು ಕೆಂಪು ಮಾಡಿದ.

"ಭಿಕ್ಷ ಅಂತ ಯಾವನ್ಲಾ ಏಳ್ದೋನು? ಇದು ಗುರುವಿನ ಕಂದಾಯ ಕಣ್ಲಾ. ಕಂದಾಯದೋನು ಯಾವತ್ತಾರ ಗೋಗರ್ದದ್ದು ನೋಡಿದ್ದೀಯಾ? ಬಾಗ್ಲಲ್ಲಿ ನಿಂತ್ಕತನೆ. ನಾನೂ ನಿಂತ್ಕತಿನಿ."

"ಕಂದಾಯ ಅಂದ್ಮೇಲೆ ರಸೀದಿ ಎಲ್ಲಿ ತಾತ?"

"ನಿಮ್ಮವ್ವುನ್ನ ಕೇಳೋಗು. ಅವಳ ಮೊಖದಲ್ಲಿ ಅದೆ."

ಅವ್ವ ಒಳಗಿಂದ ನಗುತ್ತಿದ್ದಳು.

ನಮ್ಮ ರಸ್ತೆಯಲ್ಲಿ ಹೋಗುವ ಕೇರಳದ ಕಾರಿನವರಿಗೆ ಬಂಡೀಪುರದ ಗೇಟಿನಲ್ಲಿ ಹಸಿರು ಕರ ಹಾಕುತ್ತಾರೆ. ಪಂಚರ್ ಹಾಕಿಸಿಕೊಳ್ಳುವಾಗ ಅದನ್ನೇ ಬೈಯುತ್ತಿರುತ್ತಾರೆ, ರಸ್ತೆ ಮೇಲೆ ಹೋಗುವುದಕ್ಕೂ ದುಡ್ಡಾ ಅಂತ. ತಾತ ಅದನ್ನು ಕೇಳಿಸಿಕೊಂಡು ನನಗೆ ಹೇಳಿದ್ದ, "ಕೊಡ್ಲಿ ಬುಡು. ಆನೆ ನಿದ್ದೆ ಕೆಡ್ಸಿದ್ದಕ್ಕೆ ಅದು." ನಾನು ಕೇಳಿದೆ, ಹಾಗಾದರೆ ನಿನ್ನ ಕಂದಾಯ ಯಾತಕ್ಕೆ? ತಾತ ಜೋಳಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡ. "ಡಬ್ಬಕ್ಕೆ ಕೈ ಆಕಿ ಒಂದಿಡಿ ತಗದ್ರೆ, ನಂದು ಅನ್ನದು ಅಷ್ಟು ಕಮ್ಮಿ ಆಯ್ತದೆ ಕಣ. ನಿನ್ಗೂ ಅಷ್ಟೆ, ನಂಗೂ ಅಷ್ಟೆ. ಕಂಡೋರ ಬಾಗ್ಲಲ್ಲಿ ನಿಂತ್ರೆ ನನ್ ತಲೇನೂ ಬಗ್ತದೆ." ಎತ್ತಿದ ರಾಗಿಯನ್ನು ಅವನು ಮನೆಗೆ ಬಳಸುತ್ತಿರಲಿಲ್ಲ. ವರ್ಷಕ್ಕೊಂದು ಸಲ ಊರಲ್ಲಿ ಪರ ಮಾಡುತ್ತಿದ್ದ. ಅಂದರೆ ಎಲ್ಲವನ್ನೂ ಒಂದೇ ದಿನ ಬೇಯಿಸಿ, ಬಂದವರಿಗೆಲ್ಲ ಬಡಿಸುವುದು. ಅವನಿಗೆ ಮನೆ ಇತ್ತು, ಮಗಳಿದ್ದಳು, ಒಂದು ಎಕರೆ ಅರಿಶಿನದ ಹೊಲ ಇತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ಅವ್ವ ಹೋದಳು. ಜ್ವರ ಅಂತ ಮಲಗಿದವಳು ಏಳಲಿಲ್ಲ...

ನಾನು ಒಲೆ ಹಚ್ಚುವುದನ್ನು ಬಿಟ್ಟೆ. ಹೋಟೆಲಿನ ಪರೋಟ ತಿಂದು ಮಲಗುತ್ತಿದ್ದೆ. ರಾಗಿ ಡಬ್ಬ ಎಲ್ಲಿದೆ ಅಂತಲೂ ನೋಡಲಿಲ್ಲ. ತಾತ ಮಾತ್ರ ಸೋಮವಾರ ತಪ್ಪಿಸಲಿಲ್ಲ. ಬಂದು ಅದೇ ಬಾಗಿಲಲ್ಲಿ ನಿಂತು ಮೂರು ಸಲ ಮೀಟುತ್ತಿದ್ದ. ಆ ಸದ್ದಿಗೆ ಅವ್ವ ಈಗ ಎದ್ದು ಬರುತ್ತಾಳೆ ಅನ್ನಿಸುತ್ತಿತ್ತು. ಬರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಹತ್ತು ರೂಪಾಯಿ ಕೊಟ್ಟರೆ ತಾತ ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ಬಳೆ ಅಂಗಡಿ ಅಮ್ಮನೇ ರಸ್ತೆ ದಾಟಿ ಬಂದು ನನ್ನ ಕೈಗೆ ಒಂದು ಹಿಡಿ ರಾಗಿ ಹಾಕಿ, ಅದನ್ನು ನನ್ನಿಂದ ಹಾಕಿಸುತ್ತಿದ್ದಳು.

ಆ ವರ್ಷವೇ ಕಂದಾಯದ ರಸೀದಿಯಲ್ಲಿ ನಾನು ಮೊದಲ ಸಲ ಆ ಸಾಲನ್ನು ಓದಿದ್ದು. ತಾತನಿಗೆ ತೋರಿಸಿದೆ. "ನೋಡ್ ತಾತ, ಭಿಕ್ಷುಕರ ಕರ ಅಂತೆ. ನಿನ್ ಪಾಲು ಮುನ್ಸಿಪಾಲ್ಟಿಗೆ ಕಟ್ಬುಟ್ಟಿವ್ನಿ. ಅಲ್ಲೋಗಿ ಈಸ್ಕೊ." ಪಕ್ಕದಲ್ಲಿದ್ದ ಲಾರಿ ಡ್ರೈವರುಗಳು ಜೋರಾಗಿ ನಕ್ಕರು. ತಾತನೂ ನಕ್ಕ. ಬಸ್ಸು ಬರುವ ಮುಂಚೆ ಎದ್ದು, ನನಗೆ ಮಾತ್ರ ಕೇಳುವ ಹಾಗೆ ಹೇಳಿದ, "ನಿಮ್ಮವ್ವುನ್ ಕೈ ದೊಡ್ದು ಕಣ್ಲಾ ಮಗ. ನಿನ್ ಕೈ ಯಾಕಪ್ಪ ಇಷ್ಟು ಚಿಕ್ದಾಯ್ತು?"

ಅದು ನನಗೆ ನಾಟಿತು. ಒಂದು ವಾರ ಪೂರ್ತಿ ಅದೇ ಮಾತು ತಲೆಯಲ್ಲಿ ಓಡಿತು.

ಮುಂದಿನ ಸೋಮವಾರ ಒಂದು ವ್ಯಾನು ಹಿಂದಿನ ಟೈರು ಪಂಚರಾಗಿ ನನ್ನ ಅಂಗಡಿ ಮುಂದೆ ನಿಂತಿತು. ಭಿಕ್ಷುಕರನ್ನು ಹಿಡಿದು ನಿರಾಶ್ರಿತರ ಕೇಂದ್ರಕ್ಕೆ ಕರೆದುಕೊಂಡು ಹೋಗುವ ಗಾಡಿ. ಒಳಗೆ ಇಬ್ಬರು ಮುದುಕರು, ಒಬ್ಬಳು ಹೆಂಗಸು ಕೂತಿದ್ದರು. ಗಾಡಿಯ ಸಾಹೇಬರು ಒಳ್ಳೆಯ ಮನುಷ್ಯ, ಅವರಿಗೆ ಟೀ ಕೊಡಿಸಿದರು. ನಾನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ, ಈ ಕರ ಯಾಕೆ ಸಾರ್, ನಾವು ಗೇಯ್ದು ಬೇಡೋರಿಗೂ ಕಟ್ಟಬೇಕಾ ಅಂತ ಕೇಳಿದೆ.

"ನೀವು ರೋಡಲ್ಲಿ ಚಿಲ್ಲರೆ ಹಾಕ್ತಾ ಇದ್ರೆ ಬೇಡೋರು ಬೇಡ್ತಾನೇ ಇರ್ತಾರೆ ಕಣಯ್ಯ," ಅಂದರು. "ಅದನ್ನೇ ಎಲ್ಲರ ಹತ್ರ ಚೂರು ಚೂರು ತಗೊಂಡು, ಒಂದು ಸೂರು, ಹೊಟ್ಟೆಗೆ ಊಟ, ಕೈಗೊಂದು ಕೆಲಸ ಕೊಡೋದು. ಯಾರೂ ಯಾರ ಮುಂದೆನೂ ಕೈ ಒಡ್ಡಬಾರದು ಅಂತ ಈ ಕರ."

ಮಾತು ಸರಿ ಅನ್ನಿಸಿತು. ಈಗಲೂ ತಪ್ಪು ಅನ್ನುವುದಿಲ್ಲ.

ಅಷ್ಟರಲ್ಲಿ ಹಿಂದೆ ತಂತಿ ಮೂರು ಸಲ ಸದ್ದು ಮಾಡಿತು. ತಾತ ಬಂದು ಬಾಗಿಲಲ್ಲಿ ನಿಂತಿದ್ದ.

"ಹಂಗಾದ್ರೆ ಇಲ್ಲೊಬ್ರು ಅವ್ರೆ ನೋಡಿ ಸಾರ್," ಅಂದೆ. ನಗುತ್ತಲೇ ಅಂದೆ. ತಮಾಷೆಗೆ ಅಂದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಸಾಹೇಬರು ಎದ್ದು ಹೋಗಿ ಕೇಳಿದರು, "ಯಾವೂರಜ್ಜ? ಮನೆ ಇದ್ಯಾ? ಮಕ್ಕಳಿದಾರಾ?" ತಾತ ಬಾಯಿ ಬಿಡಲಿಲ್ಲ. ಇನ್ನೂ ಎರಡು ಬಾಗಿಲು ಬಾಕಿ. ನನ್ನ ಕಡೆ ನೋಡಿದ. ನೀನು ಹೇಳು ಅನ್ನುವ ಹಾಗೆ ಗದ್ದ ಎತ್ತಿದ. ಬಳೆ ಅಂಗಡಿ ಅವತ್ತು ಬಾಗಿಲು ಹಾಕಿತ್ತು, ಅಮ್ಮ ಮೈಸೂರಿಗೆ ಹೋಗಿದ್ದಳು. ಹೇಳಬಲ್ಲವನು ನಾನೊಬ್ಬನೇ.

ಸಾಹೇಬರು ನನ್ನನ್ನು ಕೇಳಿದರು, "ಏನಪ್ಪ, ಗೊತ್ತಾ ಇವರು?"

"ನಂಗೇನ್ ಗೊತ್ತು ಸಾರ್. ಸೋಮವಾರ ಬತ್ತರೆ."

ಅಷ್ಟೇ ನಾನು ಹೇಳಿದ್ದು. ಹೇಳಿ ತೊಟ್ಟಿಯ ಕಡೆ ಬಗ್ಗಿದೆ. ಟ್ಯೂಬಿಗೆ ಪ್ಯಾಚು ಹಾಕಿದೆ, ಗಾಳಿ ಹೊಡೆದೆ, ಟೈರು ಕೂರಿಸಿ ನಟ್ಟು ಬಿಗಿ ಮಾಡಿದೆ. ತಾತ ಗಲಾಟೆ ಮಾಡಲಿಲ್ಲ. ಗಾಡಿ ಹತ್ತುವಾಗ ತಂಬೂರಿ ಬಾಗಿಲಿಗೆ ತಾಗಿ ಒಂದು ಸಲ ಸದ್ದು ಮಾಡಿತು. ಮುಂದಿನ ಸ್ಟಾಪಲ್ಲಿ ಇಳಿಸಿಬಿಡುತ್ತಾರೆ, ಮುದುಕನಿಗೆ ಒಂದು ಪಾಠ ಆಗಲಿ ಅಂತ ಅಂದುಕೊಂಡೆ. ಆ ಗಾಡಿಯ ಟೈರು ಓಡುವ ಹಾಗೆ ಮಾಡಿ ಕಳಿಸಿದವನೂ ನಾನೇ.

ಮುಂದಿನ ಸೋಮವಾರ ತಾತ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಆ ವಾರ ಶುಕ್ರವಾರ ಅವನ ಮಗಳು ಬಂದಳು, ಫೋಟೋ ಹಿಡಿದುಕೊಂಡು.

"ಅಣ್ಣ, ನಮ್ಮಪ್ಪ ಇತ್ತಗ್ ಬಂದಿತ್ತಾ? ಟೇಸನ್ನಾಯ್ತು, ಆಸ್ಪತ್ರೆ ಆಯ್ತು, ಬಂಡೀಪುರದ ಕಾಡಂಚಿನ ಗಂಟ ಹುಡುಕ್ದೊ. ಆನೆ ಗೀನೆ..." ಅಂದವಳು ಫೋಟೋವನ್ನು ನನ್ನ ಕೈಗೆ ಇಟ್ಟಳು.

"ಯಾವ್ದೋ ಗಾಡಿಯೋರು ಕರ್ಕಂಡೋದ್ರಂತೆ ಕಣಕ್ಕ. ನಡಿ, ಓಗಿ ನೋಡನ," ಅಂದೆ. ಯಾರೋ ಹೇಳಿದ್ದನ್ನು ಕೇಳಿದವನ ಹಾಗೆ.

ಅಂಗಡಿ ಮುಚ್ಚಿ ಅವಳ ಜೊತೆ ಬಸ್ಸು ಹತ್ತಿದೆ. ಕೇಂದ್ರ ಪಕ್ಕದ ಜಿಲ್ಲೆಯಲ್ಲಿ. ಅಲ್ಲಿಯವರು ಕೆಟ್ಟವರಲ್ಲ. ತಾತನಿಗೆ ಹೊಸ ಬಟ್ಟೆ ಕೊಟ್ಟಿದ್ದರು, ಊಟ ಹಾಕಿದ್ದರು, ಹೇನು ಆಗಬಾರದು ಅಂತ ಎಲ್ಲರಿಗೂ ಮಾಡುವ ಹಾಗೆ ತಲೆ, ಗಡ್ಡ ಬೋಳಿಸಿದ್ದರು. "ಮೂಗರು ಪಾಪ, ಊರು ಹೇಳಕ್ಕಾಗಲಿಲ್ಲ. ಗೊತ್ತಾಗಿದ್ರೆ ಅವತ್ತೇ ಬಿಟ್ಟು ಬರ್ತಿದ್ವಿ," ಅಂದರು.

ಮಗಳು, "ನಿನ್ ಗಡ್ಡ ಎಲ್ಲಪ್ಪ?" ಅಂತ ಕೆನ್ನೆ ಮುಟ್ಟಿ ಅತ್ತಳು. ತಾತ ಅವಳ ತಲೆ ಸವರಿದ. ಮಾತಾಡಲಿಲ್ಲ. ಹದಿನೆಂಟು ದಿನ ಒಂದು ಮಾತೂ ಆಡಿರಲಿಲ್ಲ. ಮಗಳು ಭಯಕ್ಕೆ ಬಾಯಿ ನಿಂತುಹೋಗಿದೆ ಅಂದುಕೊಂಡಳು. ನನಗೆ ಗೊತ್ತಾಯಿತು. ಐದು ಬಾಗಿಲು ಮುಗಿದಿರಲಿಲ್ಲ. ನಾಲ್ಕನೆಯದರಲ್ಲಿ ನಿಂತುಹೋಗಿತ್ತು.

ತಂಬೂರಿ, ಜೋಳಿಗೆ ಎರಡಕ್ಕೂ ಚೀಟಿ ಕಟ್ಟಿ ಜೋಪಾನವಾಗಿ ಇಟ್ಟಿದ್ದರು. ಜೋಳಿಗೆಯ ತಳದಲ್ಲಿ ಮೂರು ಹಿಡಿ ರಾಗಿ ಹಾಗೇ ಇತ್ತು.

ಸಂಜೆ ಗುಂಡ್ಲುಪೇಟೆಯಲ್ಲಿ ಇಳಿದೆವು. ಮಗಳು ಊರಿನ ಬಸ್ಸಿನ ಕಡೆ ಎಳೆದರೆ ತಾತ ಕೈ ಬಿಡಿಸಿಕೊಂಡ. ಸೀದಾ ನಡೆದು ನನ್ನ ಮನೆ ಬಾಗಿಲಲ್ಲಿ ನಿಂತ. ತಂತಿ ಸಡಿಲಾಗಿತ್ತು. ಮೂರು ಸಲ ಮೀಟಿದ. ಸದ್ದು ಬರಲಿಲ್ಲ ಅನ್ನುವಷ್ಟು ಸಣ್ಣಗೆ ಬಂತು.

ನಾನು ಒಳಗೆ ಓಡಿದೆ. ಅವ್ವ ಹೋದ ಮೇಲೆ ಮುಟ್ಟದ ಡಬ್ಬಗಳನ್ನೆಲ್ಲ ಎಳೆದು ಹಾಕಿದೆ. ಅಕ್ಕಿಯಲ್ಲಿ ಹುಳ ಹರಿಯುತ್ತಿತ್ತು, ಬೇಳೆ ಪುಡಿಯಾಗಿತ್ತು. ಕೊನೆಗೆ ಮೂಲೆಯಲ್ಲಿ ರಾಗಿ ಡಬ್ಬ ಸಿಕ್ಕಿತು. ರಾಗಿ ಅಷ್ಟು ಬೇಗ ಕೆಡುವುದಿಲ್ಲ. ಅವ್ವ ಕೊನೇ ಸಲ ಕೈ ಹಾಕಿದ್ದಾಗ ಹೇಗಿತ್ತೋ ಹಾಗೇ ಇತ್ತು... ನಡುವೆ ಅವಳ ಕೈ ಮಾಡಿದ ಗುಂಡಿ ಕೂಡ. ಎರಡೂ ಕೈಯಲ್ಲಿ ಬಾಚಿಕೊಂಡು ಬಂದು ಜೋಳಿಗೆಗೆ ಹಾಕಿದೆ. ಮುಖ ನೋಡಲಿಲ್ಲ.

ತಾತ ರಸ್ತೆ ದಾಟಿ ಬಳೆ ಅಂಗಡಿ ಅಮ್ಮನ ಬಾಗಿಲಿಗೆ ಹೋಗಿ ನಿಂತ. ಅಮ್ಮ ಅವನ ಬೋಳು ತಲೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು, ರಾಗಿ ತಂದು ಹಾಕಿದಳು. ಅಲ್ಲಿಂದ ವಾಪಸ್ ಬಂದು ಹಳೇ ಟೈರಿನ ಮೇಲೆ ಕೂತ. ಈಗ ಬೈಯುತ್ತಾನೆ, ಮಗಳ ಮುಂದೆ ಎಲ್ಲ ಹೇಳುತ್ತಾನೆ ಅಂತ ನಾನು ಕಾಯುತ್ತಾ ನಿಂತೆ.

"ಅರವೆ ಬಸ್ಸು ಎಷ್ಟೊತ್ಗಪ್ಪ?" ಅಂದ.

ಅಷ್ಟೇ. ಹದಿನೆಂಟು ದಿನದ ಮೇಲೆ ಅವನು ಆಡಿದ ಮೊದಲನೇ ಮಾತು.

ಆ ವರ್ಷದ ಪರಕ್ಕೆ ಮಗಳು ಫೋನು ಮಾಡಿ ಕರೆದಳು. ಹೋದೆ. ಅವರ ಬೀದಿಯಲ್ಲಿ ಎಲೆ ಹಾಕಿ ಕೂರಿಸಿದ್ದರು. ಮಗಳು ಎಲ್ಲರ ಮುಂದೆ, "ನಮ್ಮಪ್ಪುನ್ನ ಹುಡುಕ್ಕೊಟ್ಟ ಪುಣ್ಯಾತ್ಮ ಇವ್ರೆ ಕಣ್ರಪ್ಪ," ಅಂತ ಮೊದಲ ಮುದ್ದೆಯನ್ನು ನನ್ನ ಎಲೆಗೆ ಹಾಕಿದಳು. ತಾತ ಸಾರಿನ ಬಕೆಟ್ಟು ಹಿಡಿದುಕೊಂಡು ಬರುತ್ತಿದ್ದ. ಗಡ್ಡ ಅರ್ಧ ಬೆಳೆದಿತ್ತು. ನನ್ನ ಎಲೆ ಮುಂದೆ ನಿಂತ. ಆಗಲೂ ನನ್ನ ಗುಟ್ಟು ಬಿಡಲಿಲ್ಲ. ಸಾರು ಬಡಿಸಿ, "ಉಣ್ಣು ಮಗ, ನಿಮ್ಮವ್ವುನ್ ರಾಗೀನೂ ಇದ್ರಾಗದೆ," ಅಂದು ಮುಂದಿನ ಎಲೆಗೆ ಹೋದ.

ತಲೆ ಬಗ್ಗಿಸಿ ಮುದ್ದೆ ಮುರಿದು ಉಂಡೆ. ಹೇಳಬೇಕಾಗಿದ್ದು ಆಗಲೇ. ಹೇಳಲಿಲ್ಲ. ಬಂದ ಮೇಲೆ ಹೇಳೋಣ, ಮುಂದಿನ ಸೋಮವಾರ ಹೇಳೋಣ ಅಂದುಕೊಂಡೆ. ತಾತ ಮತ್ತೆ ಸೋಮವಾರ ಬರುತ್ತಿದ್ದ, ನಾನು ಹಿಡಿ ತುಂಬ ಹಾಕುತ್ತಿದ್ದೆ, ಅವನು ಹಾಸ್ಯ ಮಾಡುತ್ತಿದ್ದ. ಆದರೆ ಕಂದಾಯದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಒಂದು ಸೋಮವಾರ ಬರಲಿಲ್ಲ. ನಿದ್ದೆಯಲ್ಲೇ ಹೋದ ಅಂತ ಮಗಳು ಫೋನು ಮಾಡಿದಳು. ಮಣ್ಣಿಗೆ ಹೋದಾಗಲೂ ನನಗೆ ಮುಂದೆ ಜಾಗ ಬಿಟ್ಟುಕೊಟ್ಟರು.

ಈಗ ಮನೆಯಲ್ಲಿ ಒಲೆ ಹಚ್ಚುತ್ತೇನೆ. ಡಬ್ಬ ತುಂಬ ರಾಗಿ ಇದೆ. ಸೋಮವಾರ ಯಾರೂ ಬಾಗಿಲಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೊಂದು ಸಲ ರಸೀದಿಯ ಸಾಲು ಬಂದು ನಿಲ್ಲುತ್ತದೆ, ದುಡ್ಡು ಕಟ್ಟಿ ಬರುತ್ತೇನೆ. ಅದು ಬೇರೆ ಕಂದಾಯ.

ತಾತನನ್ನು ಹುಡುಕಿಕೊಟ್ಟವನು ನಾನಲ್ಲ, ಹಿಡಿದುಕೊಟ್ಟವನು. ಇದನ್ನು ಅವನ ಮಗಳಿಗೆ ತಿಳಿಸಬೇಕು ಅಂತಲೇ ಇಷ್ಟೆಲ್ಲ ಬರೆಯಲು ಕೂತೆ. ಆದರೆ ಅವಳಿಗೆ ಓದಲು ಬರುವುದಿಲ್ಲ. ಬರೆಯುವುದಕ್ಕೆ ಮುಂಚೆಯೂ ಅದು ನನಗೆ ಗೊತ್ತಿತ್ತು. ಅವತ್ತೂ ಎಲ್ಲ ಗೊತ್ತಿತ್ತಲ್ಲ, ಹಾಗೇ.

ಸೋಮವಾರ ಹರವೆ ಬಸ್ಸು ಹತ್ತಬೇಕು. ಅವಳ ಬಾಗಿಲಿಗೆ ಹೋಗಿ ನಿಲ್ಲಬೇಕು. ನಾನು ಸುಮ್ಮನೆ ನಿಂತರೆ ಆಗುವುದಿಲ್ಲ, ಬಾಯಿ ಬಿಡಬೇಕು.